ಸಿಹಿನೀರಿನ ಸಮೀಕರಣ

ಗೆರೆಯ ಇಳಿಜಾರು ಎಷ್ಟೆಂದು ಗೊತ್ತಿರಬೇಕು. ಅದು ಹಾದುಹೋಗುವ ಒಂದೇ ಒಂದು ಬಿಂದು ಗೊತ್ತಿರಬೇಕು. ಇವೆರಡು ಸಿಕ್ಕರೆ ಇಡೀ ಗೆರೆ ನಮ್ಮ ಅಂಗೈಯಲ್ಲಿ. ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಕಲಿತ ಈ ವಿದ್ಯೆಯನ್ನು ಕೇಂದ್ರ ಸರಕಾರದ ಗುಮಾಸ್ತನಾದ ಮೇಲೆ ಯಾರೂ ನನ್ನಲ್ಲಿ ಕೇಳಿರಲಿಲ್ಲ. ಕೇಳದೆ ಇದ್ದದ್ದೇ ಲೋಕಕ್ಕೆ ಕ್ಷೇಮವಾಗಿತ್ತು.

ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು. ನನಗೆ ತಿರುವನಂತಪುರದಿಂದ ಕೊಚ್ಚಿಗೆ ವರ್ಗವಾಯಿತು. ತಿರುವನಂತಪುರದಲ್ಲಿ ನಳ್ಳಿ ತಿರುಗಿಸಿದರೆ ಸಿಹಿನೀರು ಬರುತ್ತಿತ್ತು. ಕೊಚ್ಚಿಯ ಬಾಡಿಗೆ ಮನೆಯ ಬಾವಿಯಲ್ಲೂ ನೀರಿಗೆ ಕೊರತೆ ಇರಲಿಲ್ಲ, ಆದರೆ ರುಚಿ ಸಮುದ್ರದ್ದು. ಆ ನೀರಿನಲ್ಲಿ ತೊಗರಿಬೇಳೆ ಬೆಳಗಿನಿಂದ ಕುದಿದರೂ ಕಲ್ಲಿನ ಹಾಗೇ ಉಳಿಯುತ್ತಿತ್ತು.

"ಮಳೆನೀರಾದರೂ ಹಿಡಿಯುವ," ಎಂದಳು ನನ್ನ ಹೆಂಡತಿ ಶಾರದೆ. "ಒಬ್ಬ ಆಚಾರಿಯನ್ನು ಕರೆಯಿರಿ."

"ಆಚಾರಿ ಎಂತಕ್ಕೆ? ಇದು ಬರೇ ಒಂದು ಸರಳರೇಖೆ," ಎಂದೆ.

ಚಾವಡಿಯ ಉದ್ದಕ್ಕೂ ಹೆಂಚಿನ ಸೂರು ಇಳಿದಿತ್ತು. ಒಂದು ತುದಿಯಲ್ಲಿ ಸಿಮೆಂಟಿನ ತೊಟ್ಟಿ. ಇನ್ನೊಂದು ತುದಿಯಲ್ಲಿ ಅಡುಗೆಮನೆ ಅಂಗಳಕ್ಕೆ ಚಾಚಿಕೊಂಡು, ಅದರ ಕಿಟಕಿ ನೇರವಾಗಿ ತೊಟ್ಟಿಯನ್ನೇ ನೋಡುತ್ತಿತ್ತು. ಸೀಳಿ ತಿರುಳು ತೆಗೆದ ಅಡಿಕೆ ಮರದ ದಂಬೆಯೊಂದನ್ನು ಸೂರಿನ ಕೆಳಗೆ ಓರೆಯಾಗಿ ಕಟ್ಟಿದರೆ ಬಿದ್ದ ಮಳೆಯೆಲ್ಲ ತೊಟ್ಟಿಗೆ ಹರಿಯಬೇಕು.

ಆ ಕಿಟಕಿಯ ಒಳಗೆ, ಹಲಗೆಯ ಮೇಲೆ, ನನ್ನ ಅತ್ತೆ ಹಾಕಿಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ಮನೆಯಲ್ಲಿ ತೇವ ಏರದ ಜಾಗ ಅದೊಂದೇ. ಅತ್ತೆಗೆ ಕಣ್ಣು ಮಂಜಾಗಿ ಕೈ ನಡುಗಲು ಸುರುವಾಗಿತ್ತು. "ಇನ್ನು ನನ್ನಿಂದ ಆಗುವುದಿಲ್ಲ ಮಗಾ, ಇದೇ ಕೊನೆಯದ್ದು," ಎಂದು ಕೊಟ್ಟಿದ್ದರು. ಹಾಗಾಗಿ ಶಾರದೆ ಊಟಕ್ಕೆ ಒಂದೇ ಮಿಡಿ ಬಡಿಸುತ್ತಿದ್ದಳು. ನಮ್ಮ ಕಡೆ ಒದ್ದೆ ಕೈಯವರು ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯುವ ಹಾಗಿಲ್ಲ. ಈ ಭರಣಿಯ ಮಟ್ಟಿಗೆ ಅವಳು ನನ್ನ ಒಣ ಕೈಯನ್ನೂ ನಂಬುತ್ತಿರಲಿಲ್ಲ.

ಭಾನುವಾರ ಕಾರ್ಯಾರಂಭ. ಅಡುಗೆಮನೆಯ ಗೋಡೆಯ ಬುಡವೇ ಸೊನ್ನೆ. ಅಲ್ಲಿಂದ ಇಪ್ಪತ್ತು ಅಡಿ ದೂರ, ನಾಲ್ಕು ಅಡಿ ಎತ್ತರದಲ್ಲಿ ತೊಟ್ಟಿಯ ಬಾಯಿ. ಅದು ನನ್ನ ಬಿಂದು. ನಲವತ್ತು ಅಡಿಗೆ ಒಂದು ಅಡಿ, ಅದು ಇಳಿಜಾರು. ವೈ ಕಳೆ ನಾಲ್ಕು, ಸಮ, ನಲವತ್ತರಲ್ಲಿ ಒಂದು ಗುಣಿಸು ಎಕ್ಸ್ ಕಳೆ ಇಪ್ಪತ್ತು. ಎಕ್ಸ್ ಇದ್ದಲ್ಲಿ ಸೊನ್ನೆ ಹಾಕಿದೆ. ಅಡುಗೆಮನೆಯ ಕಡೆ ದಂಬೆ ಮೂರೂವರೆ ಅಡಿ ಎತ್ತರದಲ್ಲಿರಬೇಕೆಂದು ಉತ್ತರ ಬಂತು. ಅಳೆದು ನೋಡಿದರೆ ಕಿಟಕಿಯ ದಂಡೆಯ ಎತ್ತರವೂ ಮೂರೂವರೆ ಅಡಿ! ಗಣಿತವೂ ಗೋಡೆಯೂ ಹೀಗೆ ಒಮ್ಮತಕ್ಕೆ ಬಂದದ್ದು ಕಂಡು ನನಗೆ ಕಣ್ಣು ತುಂಬಿತು. ಕಿಟಕಿ ತೆರೆದು, ದಂಬೆಯ ತುದಿಯನ್ನು ದಂಡೆಯ ಮೇಲೆ ಮಲಗಿಸಿ ಹಗ್ಗ ಬಿಗಿದೆ.

ಶಾರದೆ ಅಂಗಳಕ್ಕೆ ಬಂದು ತಲೆ ಓರೆ ಮಾಡಿದಳು. "ಅಡುಗೆಮನೆ ಕಡೆಯೇ ತಗ್ಗು ಕಾಣ್ತದಲ್ಲ?"

"ಅಂಗಳ ಏರುತಗ್ಗು ಇದೆ, ಅದಕ್ಕೆ ಹಾಗೆ ಕಾಣುವುದು. ಕಣ್ಣು ಮೋಸ ಮಾಡ್ತದೆ, ಸಮೀಕರಣ ಮಾಡುವುದಿಲ್ಲ."

ಪಕ್ಕದ ಮನೆಯ ಅಮ್ಮಿಣಿ ಚೇಚಿ ಬೇಲಿಯ ಆಚೆಯಿಂದ, "ಸಾರೇ, ಒರು ಕುಡಂ ವೆಳ್ಳಂ ಒಳಿಚ್ಚು ನೋಕ್ಕಿಯಾಲೋ?" ಎಂದರು. ಒಂದು ಕೊಡ ನೀರು ಸುರಿದು ನೋಡಬಾರದೇ ಎಂದು ಅವರ ಪ್ರಶ್ನೆ. ಸಾಧಿಸಿ ಆದ ಲೆಕ್ಕಕ್ಕೆ ನೀರು ಸುರಿದು ನೋಡುವುದು ಗಣಿತಕ್ಕೆ ಮಾಡುವ ಅವಮಾನ ಎಂದು ನನಗೆ ಬರುವಷ್ಟು ಮಲಯಾಳದಲ್ಲಿ ತಿಳಿಸಿದೆ. ಅವರು ಪಾಪ, ಒಳಗೆ ಹೋದರು. ಶಾರದೆಯೂ ಅವರ ಹಿಂದೆಯೇ ಹೋದಳು, ಕಲ್ಲುಬೇಳೆಯ ಸಂಕಟ ಹೇಳಿಕೊಳ್ಳಲಿಕ್ಕೆ.

ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು. ನಾನು ಕೊಡೆ ಹಿಡಿದು ತೊಟ್ಟಿಯ ಪಕ್ಕ ವರನ ತಂದೆಯಂತೆ ನಿಂತೆ. ದಂಬೆಯಲ್ಲಿ ನೀರು ಭೋರೆಂದು ಹರಿಯುತ್ತಿತ್ತು. ತೊಟ್ಟಿಗೆ ಒಂದು ಹನಿ ಬೀಳಲಿಲ್ಲ. ದಂಬೆ ಮೊದಲು ನೆನೆಯಬೇಕಲ್ಲ ಎಂದು ಕಾದೆ. ಅದು ನೆನೆಯಿತು. ನಾನೂ ನೆನೆದೆ. ಆಮೇಲೆ ಅಡುಗೆಮನೆಯಿಂದ ಪಾತ್ರೆ ತೇಲಿ ಗೋಡೆಗೆ ತಾಗುವ ಸದ್ದು ಕೇಳಿತು.

ಓಡಿಹೋಗಿ ನೋಡಿದರೆ ಕಿಟಕಿಯಿಂದ ಧಾರೆ ಇಳಿಯುತ್ತಿದೆ, ನೇರ ಭರಣಿಯ ಮೇಲೆ. ಬಾಯಿಗೆ ಕಟ್ಟಿದ್ದ ಬಟ್ಟೆ ಕುಸಿದು, ಮಿಡಿಗಳು ಒಂದೊಂದಾಗಿ ಕೆಂಪು ನೀರಿನಲ್ಲಿ ಹೊರಗೆ ಬರುತ್ತಿದ್ದವು.

ತೊಟ್ಟಿಯತ್ತ ಹೋಗುತ್ತ ಇಳಿಯಬೇಕಾದ ಗೆರೆ ಅದು. ಇಳಿಯುವ ಗೆರೆಯ ಇಳಿಜಾರಿಗೆ ಮೈನಸ್ ಚಿಹ್ನೆ ಬೇಕು. ನಾನು ಹಾಕಿರಲಿಲ್ಲ. ದಂಬೆ ತೊಟ್ಟಿಯ ಬಾಯನ್ನು ಸರಿಯಾಗಿಯೇ ಮುಟ್ಟಿತ್ತು, ಅಲ್ಲಿಂದ ಅಡುಗೆಮನೆಗೆ ಅರ್ಧ ಅಡಿ ಇಳಿದಿತ್ತು.

ಶಾರದೆ ಬಂದು ಬಾಗಿಲಲ್ಲೇ ನಿಂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಗ್ಗಿ ಮಿಡಿಗಳನ್ನು ಸೆರಗಿಗೆ ಹೆಕ್ಕಿದಳು, ಒದ್ದೆ ಕೈಯಲ್ಲೇ.

"ಎಂತ ತಪ್ಪಿದ್ದು?"

"ಒಂದು ಮೈನಸ್."

"ಎಷ್ಟು ದೊಡ್ಡದು ಅದು?"

"ಒಂದು ಸಣ್ಣ ಗೆರೆ, ಅಷ್ಟೆ."

ಅವಳು ಮಿಡಿಗಳನ್ನು ಒರೆಸಿ ತಟ್ಟೆಯಲ್ಲಿ ಹರಡಿದಳು. ಮಳೆಗಾಲದಲ್ಲಿ ಒಣಗಿಸಲು ಬಿಸಿಲೆಲ್ಲಿ? ವಾರದೊಳಗೆ ಬೂಸ್ಟು ಬಂತು. ಎಲ್ಲವನ್ನೂ ತೆಂಗಿನ ಬುಡದಲ್ಲಿ ಹೂತಳು. ದಂಬೆಯ ಅಡುಗೆಮನೆ ಕಡೆಯ ತುದಿಯನ್ನು ನಾನು ನಾಲ್ಕೂವರೆ ಅಡಿಗೆ ಏರಿಸಿ ಕಟ್ಟಿದ ಮೇಲೆ ತೊಟ್ಟಿ ತುಂಬಿತು, ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಎಲೆಯಲ್ಲಿ ಉಪ್ಪಿನಕಾಯಿ ಬಡಿಸುವ ಜಾಗ ಮಾತ್ರ ಖಾಲಿ.

ರಜೆಯಲ್ಲಿ ಕಾಸರಗೋಡಿಗೆ ಹೋದಾಗ ಊಟಕ್ಕೆ ಕೂತಲ್ಲೇ ಅತ್ತೆ ಕೇಳಿದರು, "ಉಪ್ಪಿನಕಾಯಿ ಹೇಗಿತ್ತು ಮಗಾ?"

ನಾನು ಅನ್ನ ಕಲಸುವುದರಲ್ಲಿ ಮುಳುಗಿದೆ.

"ಚೆನ್ನಾಗಿತ್ತಮ್ಮ," ಎಂದಳು ಶಾರದೆ. "ಮಳೆಗಾಲ ಮುಗಿಯುವ ಮೊದಲೇ ಖಾಲಿಯಾಯಿತು."

ಅತ್ತೆಯ ಮುಖ ಅರಳಿತು. "ಅಳಿಯಂದಿರಿಗೆ ಅಷ್ಟು ಹಿಡಿಸಿತಾ?" ಎನ್ನುತ್ತ, ತನಗೆಂದು ಉಳಿಸಿಕೊಂಡಿದ್ದ ಪುಟ್ಟ ಭರಣಿ ತಂದು, ನಡುಗುವ ಕೈಯಿಂದ ಎರಡು ಮಿಡಿ ನನ್ನ ಎಲೆಗೆ ಹಾಕಿದರು. ಶಾರದೆ ನನ್ನ ಮುಖ ನೋಡಲಿಲ್ಲ. ನಾನು ತಲೆ ತಗ್ಗಿಸಿ ತಿಂದೆ. ಏನು ಹೇಳಲಿ, ಬಹಳ ರುಚಿಯಾಗಿತ್ತು.