ಅಪ್ಪನಿಗೆ ಕೇಳಿಸದ ಗಿಟಾರು

ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಚಿಕ್ಕೋಡಿ ಬಸ್‌ಸ್ಟ್ಯಾಂಡಿಗೆ ಹೋದ ದಿನ, ಏನಾದರೊಂದು ಫಜೀತಿ ಆಗದೆ ಮನೆಗೆ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಎಂಬತ್ತರ ದಶಕ ಮುಗಿದು ತೊಂಬತ್ತು ಹಿಡಿಯುವ ಕಾಲ. ಹಗಲು ಟೈಪಿಂಗ್ ಕ್ಲಾಸಿನಲ್ಲಿ ಕೀಲಿ ಕುಟ್ಟುವುದನ್ನು ಕಲಿಸುತ್ತಿದ್ದೆ, ಮದುವೆ ಸೀಜನ್ನಿನಲ್ಲಿ ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಇವೆರಡರಲ್ಲಿ ಜನಕ್ಕೆ ಕೇಳಿಸುತ್ತಿದ್ದದ್ದು ಟೈಪರೈಟರ್ ಮಾತ್ರ. ನನ್ನ ಗೋಳೆಲ್ಲ ಅಲ್ಲಿಂದಲೇ ಶುರು.

೧. ಖಾಲಿ ಜಾಗ

ಹಾಡಿನ ನಡುವೆ ಹಾಡುಗಾರ ಸುಮ್ಮನಾಗಿ, ಗಿಟಾರ್ ಒಂದೇ ಬಾರಿಸುವ ಜಾಗ ಇರುತ್ತದೆ. ಇಡೀ ಹಾಡಿನಲ್ಲಿ ನನ್ನದು ಅಂತ ಇರುವುದು ಅಷ್ಟೇ. ಆದರೆ ನಮ್ಮ ಕಡೆ ಹಾಡುಗಾರ ಬಾಯಿ ಮುಚ್ಚಿದನೆಂದರೆ ಹಾಡು ನಿಂತಿತು ಅಂತಲೇ ಅರ್ಥ. ಮೈಕು ಖಾಲಿ ಬಿದ್ದಿದೆ, ಸೂಚನೆ ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಯಾವುದಿದೆ?

ರಾಯಬಾಗದ ಮದುವೆಯೊಂದರಲ್ಲಿ ಕಣ್ಣು ಮುಚ್ಚಿ ಮೊದಲ ಸ್ವರ ಎಳೆದೆ. ಅಷ್ಟರಲ್ಲಿ ನಮ್ಮ ನಿರೂಪಕ ಮೈಕು ಹಿಡಿದ. "ಕಬ್ಬಿನ ಟ್ರ್ಯಾಕ್ಟರ್ ದಾರಿಗಿ ಅಡ್ಡ ನಿಂತೈತಿ. ಡ್ರೈವರ್ ಎಲ್ಲಿದ್ರೂ ಬಂದ ತಗೀಬೇಕ್ರಿ." ಕಾಗವಾಡದಲ್ಲಿ ನನ್ನ ಜಾಗ ಬಂದಾಗ, "ಬೀಗರ ಕಡ್ಯಾವ್ರು ಎರಡನೇ ಪಂಗತಿಗಿ ಕುಂಡ್ರಬೇಕ್ರಿ." ನಿಪ್ಪಾಣಿಯಲ್ಲಿ, "ಕೆಂಪ ಸ್ವೆಟರ್ ಹಾಕ್ಕೊಂಡ ಕೂಸು ಸ್ಟೇಜಿನ ಹಂತ್ಯಾಕ ಅಳಾಕತ್ತೈತಿ, ಅದರ ಅವ್ವಾರು ಎಲ್ಲಿದ್ದೀರಿ?"

ನಿರೂಪಕನನ್ನು ಮೂಲೆಗೆ ಕರೆದು ಜಗಳ ತೆಗೆದೆ. "ಹಾಡಾಂವ ಹಾಡೂ ಮುಂದ ಮಾತಾಡೂದಿಲ್ಲ. ನಾ ಬಾರಸೂ ಮುಂದ ಅಷ್ಟ ಯಾಕ್ರಿ ನಿಮಗ ಕೂಸು ನೆನಪಾಗ್ತಾವು?"

"ಹಾಡಾಂವ ಸಿಟ್ಟಾಗ್ತಾನ್ರಿ," ಎಂದ ಆತ. "ನೀವು ಮನಿ ಮನಷ್ಯಾರು."

ನಿಪ್ಪಾಣಿಯ ಆ ಮದುವೆಗೆ ನನ್ನ ಅಪ್ಪನೂ ಬಂದಿದ್ದ. ಅಥಣಿ ಕಡೆಯ ಹಳ್ಳಿಯಲ್ಲಿ ನಮ್ಮದು ದ್ರಾಕ್ಷಿ ತೋಟ. ಒಬ್ಬನೇ ಮಗ ತೋಟ ಬಿಟ್ಟು ತಂತಿ ಎಳೆಯುತ್ತಾನೆಂದು ಅಪ್ಪನಿಗೆ ಮೊದಲಿಂದಲೂ ಉರಿ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದೆ, "ಹೆಂಗಿತ್ತಪಾ?"

"ಛಲೋ ಆತು. ನೀ ಯಾವಾಗ ಬಾರಿಸ್ದಿ?"

"ಸ್ಟೇಜಿನ ಮ್ಯಾಲ ಇದ್ನಲ್ಲ!"

"ಅದು ಕಂಡ್ತು. ಕೇಳಲಿಲ್ಲ."

ಅಲ್ಲೇ ಮಾತು ಆಗಿಹೋಯಿತು. ದೀಪಾವಳಿ ಆದ ಮೇಲೆ ತಂಗಿಯ ಮದುವೆ, ಆರ್ಕೆಸ್ಟ್ರಾ ನಮ್ಮದೇ. ಅಪ್ಪ ಹತ್ತು ಜನರೆದುರು ಹೇಳಿದ, "ತಂಗಿ ಮದಿವ್ಯಾಗ ಒಮ್ಮೆ ಕೇಳಾಂವ. ನಿನ್ನ ಬಾಜಾ ನನಗ ಕೇಳಿಸ್ತಂದ್ರ ಸಾಯೂತನಾ ಬಾರಸು, ನಾ ಬ್ಯಾಡ ಅನ್ನಾಂವಲ್ಲ. ಕೇಳಿಸ್ಲಿಲ್ಲೋ, ಅದನ್ನ ಮಾರಿ ತೋಟಕ್ಕ ಬಾ." ಛಲೋ ಬಾರಿಸಬೇಕು ಅಂತ ಕೂಡ ಅನ್ನಲಿಲ್ಲ ನೋಡಿ. ಬರೇ ಕೇಳಿಸಿದರೆ ಸಾಕಂತೆ. ಅಷ್ಟು ಕಡಿಮೆ ಆಸೆ ಇಟ್ಟುಕೊಂಡಿದ್ದ ಮಗನ ಮೇಲೆ.

೨. ದೀಪ ಹತ್ತಿತಲ್ಲ

ಮಿರಜಿನ ಗಿಟಾರ್‌ವಾಲಾ ಒಬ್ಬ ಉಪಾಯ ಹೇಳಿದ. ಕಾಲಿನಿಂದ ಒತ್ತುವ ಒಂದು ಡಬ್ಬಿ ಬರುತ್ತದೆ, ಅದರೊಳಗೆ ಕಂಪ್ರೆಸರ್ ಮತ್ತು ಬೂಸ್ಟ್ ಎರಡೂ ಇರುತ್ತವೆ. ಕಂಪ್ರೆಸರ್ ಸಣ್ಣ ಸಪ್ಪಳವನ್ನು ಎತ್ತಿ, ದೊಡ್ಡದನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಬೂಸ್ಟ್ ಆ ಮಟ್ಟವನ್ನೇ ಎತ್ತಿ ನಿರೂಪಕನ ದನಿಯ ಮೇಲೆ ಕೂಡಿಸುತ್ತದೆ. ನನಗೆ ಬೇಕಾದದ್ದು ಅದೇ.

ಗಿಟಾರ್ ಹೊತ್ತುಕೊಂಡು ಕೊಲ್ಲಾಪುರಕ್ಕೆ ಹೋದೆ. ಅಂಗಡಿಯ ಮಾಲೀಕ ಡಬ್ಬಿ ತೆಗೆದು ಕೊಟ್ಟ. ನೋಡಿದರೆ ಕರೆಂಟ್ ಇಲ್ಲ. ಡಬ್ಬಿಯೇನೋ ಸೆಲ್ಲಿನ ಮೇಲೆ ನಡೆಯುತ್ತದೆ, ಸಪ್ಪಳ ಬರಬೇಕಾದ ಸ್ಪೀಕರ್ ನಡೆಯಬೇಕಲ್ಲ. ಮಾಲೀಕನಿಗೆ ಅದರ ಚಿಂತೆಯೇ ಇಲ್ಲ. ನನ್ನ ಕಾಲು ಹಿಡಿದು ಡಬ್ಬಿಯ ಮೇಲೆ ತಾನೇ ಇಟ್ಟ. ಕೆಂಪು ದೀಪ ಹತ್ತಿತು.

"ದಿವಾ ಪೇಟಲಾ ನಾ? ಝಾಲಂ ಮಗ!" ಎಂದು ಮರಾಠಿಯಲ್ಲಿ ಅಂದ. ದೀಪ ಹತ್ತಿತಲ್ಲ, ಕೆಲಸ ಮುಗಿಯಿತು.

"ಸಪ್ಪಳ ಹೆಂಗೈತಿ ಅಂತ ಕೇಳಬೇಕಲ್ರಿ," ಎಂದೆ.

"ಅಹೋ, ದೀಪ ಕಣ್ಣಿಗೆ ಕಾಣಾಕತ್ತೈತಿ. ಮತ್ತ ಕೇಳೂದು ಯಾಕ್ರಿ?"

ಎರಡು ತಾಸು ಕಟ್ಟೆಯ ಮೇಲೆ ಕೂತೆ. ಕೊನೆಗೂ ಕರೆಂಟ್ ಬಂತು. ಆತ ಫ್ಯಾನಿನ ಕಡೆ ನೋಡಿದ, ಗಡಿಯಾರದ ಕಡೆ ನೋಡಿದ, ಊಟದ ಹೊತ್ತಾಯಿತೆಂದು ಶಟರ್ ಎಳೆಯತೊಡಗಿದ. ನನಗೂ ಬಸ್ಸಿನ ಹೊತ್ತಾಗಿತ್ತು. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ, ಸಪ್ಪಳವನ್ನೇ ಕೇಳದೆ ಡಬ್ಬಿ ಕೊಂಡೆ. "ಗ್ಯಾರಂಟಿ ಐತೇನ್ರಿ?" ಎಂದು ಕೇಳಿದೆ.

"ಐತಲ್ಲ! ದೀಪ ಕೆಟ್ರ ತಗೊಂಡ ಬರ್ರಿ, ಬದಲಿ ಕೊಡ್ತೀನಿ."

"ಸಪ್ಪಳ ಕೆಟ್ರ?"

ಆತ ನನ್ನನ್ನು ಕರುಣೆಯಿಂದ ನೋಡಿದ. "ಸಪ್ಪಳದ ಗ್ಯಾರಂಟಿ ಯಾರ್ ಕೊಡ್ತಾರ್ರಿ ಸಾಹೇಬ್ರ?"

೩. ಮಾಸ್ತರರ ಕೈ

ನಮ್ಮ ಆರ್ಕೆಸ್ಟ್ರಾಕ್ಕೆ ಹಿರಿಯರೆಂದರೆ ಹಾರ್ಮೋನಿಯಂ ಮಾಸ್ತರರು. ಭಜನೆಯಿಂದ ಬಂದವರು. ಹಾರೂಗೇರಿಯ ಕಾರ್ಯಕ್ರಮದಲ್ಲಿ ಡಬ್ಬಿಯನ್ನು ಮೊದಲ ಸಲ ನೆಲದ ಮೇಲಿಟ್ಟು ಕಾಲೆತ್ತಿದೆ. ಮಾಸ್ತರರು ಪೆಟ್ಟಿಗೆ ಬಿಟ್ಟು ಎದ್ದು ನಿಂತರು.

"ಏ! ವಾದ್ಯಕ್ಕ ಕಾಲ ಹಚ್ಚತೀಯೇನಲೇ? ದಸರಾದಾಗ ಖಂಡೇಪೂಜಿ ದಿನ ಇದನ್ನ ಎಲ್ಲಿ ಇಡಾಂವ ನೀ?"

"ದೇವರ ಮುಂದ ಇಡ್ತೀನ್ರಿ."

"ಅಂದ ಮ್ಯಾಲ ತುಳಿಯೂದು ಹೆಂಗ?"

ಅದು ಇರುವುದೇ ತುಳಿಯುವುದಕ್ಕೆ ಎಂದರೆ ಅವರು ಒಪ್ಪಲಿಲ್ಲ. ಎರಡೂ ಕೈಯಲ್ಲಿ ಗಿಟಾರ್ ಇದೆ, ಮೂರನೇ ಕೈ ಎಲ್ಲಿಂದ ತರಲಿ ಎಂದೆ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ಡಬ್ಬಿಯನ್ನು ಎತ್ತಿ, ಧೂಳು ಒರೆಸಿ, ತಮ್ಮ ಪಕ್ಕದ ಸ್ಟೂಲಿನ ಮೇಲೆ ಟವೆಲ್ ಹಾಸಿ ಇಟ್ಟುಕೊಂಡರು. "ನೀ ಗೋಣು ಹಾಕು. ನಾ ಕೈಲೆ ಒತ್ತತೀನಿ."

ಗೋಣು ಹಾಕಿದೆ. ಮಾಸ್ತರರು ಮೊದಲು ಡಬ್ಬಿಗೆ ನಮಸ್ಕಾರ ಮಾಡಿ, ಆಮೇಲೆ ಒತ್ತಿದರು. ಅಷ್ಟರಲ್ಲಿ ನನ್ನ ಜಾಗ ಅರ್ಧ ಮುಗಿದಿತ್ತು. ಡಬ್ಬಿ ಬಂದ್ ಮಾಡಿರೆಂದು ಮತ್ತೆ ಗೋಣು ಹಾಕಿದರೆ, ತಾವು ಒತ್ತಿದ್ದು ನನಗೆ ಹಿಡಿಸಿತೆಂದು ತಿಳಿದು ಅವರೂ ಖುಷಿಯಿಂದ ಗೋಣು ಹಾಕಿದರು. ಮುಂದಿನ ಮೂರು ಹಾಡು ಹಾಗೇ ನಡೆಯಿತು. ನಾನು ಬಾರಿಸುವಾಗ ಸಪ್ಪಳವಿಲ್ಲ, ಅವರು ಒತ್ತಿದಾಗ ಎಲ್ಲಿಲ್ಲದ ಸಪ್ಪಳ.

ಕಾರ್ಯಕ್ರಮ ಮುಗಿದ ಮೇಲೆ ಊರ ಹಿರಿಯರೊಬ್ಬರು ಸ್ಟೇಜಿಗೆ ಬಂದು ಮಾಸ್ತರರ ಕೊರಳಿಗೆ ಹಾರ ಹಾಕಿದರು. "ಭಾಳ ಛಲೋ ಆತ್ರಿ ಮಾಸ್ತರ್ರ. ಹಾರ್ಮೋನಿಯಂ ಕೂಡ ಗಿಟಾರನೂ ನೀವ ಬಾರಸ್ತೀರಿ! ಆ ಮನಷ್ಯಾ ಬರೇ ಹಿಡಕೊಂಡ ನಿಂದ್ರೂ ಕೆಲಸಕ್ಕ ಅದಾನೇನ್ರಿ?"

ಮಾಸ್ತರರು ಇಲ್ಲ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಹತ್ತಿ ಉರಿಯುತ್ತದೆ.

೪. ಹನ್ನೊಂದು ರೇಡಿಯೋ

ವಾರಗಟ್ಟಲೆ ಬೇಡಿಕೊಂಡ ಮೇಲೆ ಮಾಸ್ತರರು ಒಂದು ದಾರಿ ತೋರಿಸಿದರು: ಚಪ್ಪಲಿ ಬಿಡಬೇಕು, ಕಾಲು ತೊಳೆಯಬೇಕು, ಹೆಬ್ಬೆರಳಿನಿಂದ ಮಾತ್ರ ಒತ್ತಬೇಕು. ಆಗಲಿ ಎಂದೆ. ಮನೆಯಲ್ಲಿ ಕಾಲು ತೊಳೆದು ಅಭ್ಯಾಸಕ್ಕೆ ನಿಂತೆ. ಒತ್ತಿದ ಕೂಡಲೇ ಸ್ಪೀಕರಿನಿಂದ ಯಾರೋ ಕೆಮ್ಮಿದರು. ಆಮೇಲೆ ಸಣ್ಣಗೆ ಮಾತಾಡತೊಡಗಿದರು. ತಂತಿ ಮುಟ್ಟಿದರೆ ಮಾತು ತಗ್ಗುತ್ತದೆ, ಕೈ ಬಿಟ್ಟರೆ ಏಳುತ್ತದೆ. ಮುನಿಸಿಕೊಂಡ ಸೊಸೆಯಂತೆ ನನ್ನ ಗಿಟಾರು ನಾನು ಸುಮ್ಮನಿದ್ದಾಗಲೆಲ್ಲ ಗೊಣಗುತ್ತಿತ್ತು.

ಪೇಟೆಯ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಆ ಮನುಷ್ಯ ಬುದ್ಧಿವಂತ, ಒಂದೇ ನಿಮಿಷದಲ್ಲಿ ಹಿಡಿದುಬಿಟ್ಟ. "ನಿಮ್ಮ ವೈರ್ ಭಾಳ ಉದ್ದ ಐತ್ರಿ. ಅದು ರೇಡಿಯೋ ಹಿಡ್ಯಾಕತ್ತೈತಿ. ನಿಮ್ಮ ಡಬ್ಬಿ ಸಣ್ಣ ಸಪ್ಪಳ ಎತ್ತೂದಕ್ಕ ಕುಂತೈತಿ, ಅದನ್ನೂ ಎತ್ತತೈತಿ. ಎರಡ ಮಾರ ವೈರ್ ಹಾಕ್ರಿ, ಬಂದ್ ಆಗ್ತೈತಿ."

ಹಾಕಿದೆ, ಬಂದಾಯಿತು. ಕೈಮುಗಿದು ಹೊರಟರೆ ಆತ ಡಬ್ಬಿಯನ್ನು ಬಿಡಲೊಲ್ಲ. ಹಳೆಯ ಉದ್ದ ವೈರನ್ನು ಮತ್ತೆ ಸಿಕ್ಕಿಸಿ, ಕಿವಿ ಹಚ್ಚಿ ಕೇಳುತ್ತಲೇ ಕೂತ.

"ಇನ್ನೇನ್ರಿ?" ಎಂದೆ.

"ಏನಿಲ್ರಿ. ನನ್ನ ಅಂಗಡ್ಯಾಗ ಹನ್ನೊಂದ ರೇಡಿಯೋ ಅದಾವು. ಒಂದೂ ಇಷ್ಟ ಸ್ವಚ್ಛ ಹಿಡ್ಯೂದಿಲ್ಲ. ಗಿಟಾರ್ ನೀವ ಇಟ್ಕೋರಿ, ಡಬ್ಬಿ ಇಲ್ಲೆ ಬಿಟ್ಟ ಹೋಗ್ರಿ."

೫. ತಂಗಿಯ ಮದುವೆ

ಮದುವೆಯ ದಿನ ಎಲ್ಲ ಬಂದೋಬಸ್ತು ಮಾಡಿಕೊಂಡೆ. ನಿರೂಪಕನಿಂದ ಅರಿಷಿಣದ ಅಕ್ಕಿ ಮುಟ್ಟಿಸಿ ಆಣೆ ಹಾಕಿಸಿಕೊಂಡೆ, ನನ್ನ ಜಾಗದಲ್ಲಿ ಟ್ರ್ಯಾಕ್ಟರಿಗೆ ಬೆಂಕಿ ಬಿದ್ದರೂ ಸೂಚನೆ ಕೊಡುವುದಿಲ್ಲವೆಂದು. ಕಾಲು ಎರಡು ಸಲ ತೊಳೆದೆ. ರಿಪೇರಿಯವನಿಂದ ಕಸಿದು ತಂದಿದ್ದ ಡಬ್ಬಿಗೆ ಹೊಸ ಸೆಲ್ ಹಾಕಿದೆ, ದೀಪ ಹತ್ತಿತು. ಸಂಜೆಯಾಗುತ್ತಿದ್ದಂತೆ ಅಪ್ಪ ಮೊದಲ ಸಾಲಿನ ಕುರ್ಚಿಯಲ್ಲಿ ಬಂದು ಕೂತ. ಅವನ ಹಿಂದೆ ಸುತ್ತಲಿನ ಊರುಗಳ ದ್ರಾಕ್ಷಿ ತೋಟದವರೆಲ್ಲ ಕೂತರು. ಆ ವಾರ ಮಂಜು ಬಿದ್ದಿತ್ತು. ಎಲೆಗೆ ರೋಗ ಬಂದೀತೆಂದು ಎಲ್ಲರ ಮುಖದಲ್ಲೂ ಅದೇ ಚಿಂತೆ. ಗಿಟಾರ್ ಹೋದರೆ ನಾನು ಏನಾಗುತ್ತೇನೆಂದು ಯೋಚಿಸುವ ಧೈರ್ಯವೂ ನನಗಿರಲಿಲ್ಲ.

ಒಂದೇ ಒಂದು ತಪ್ಪಾಯಿತು. ಮೈಕ್‌ಸೆಟ್ಟಿನವರು ನನ್ನ ಗಿಡ್ಡ ವೈರು ನೋಡಿ ಮರುಗಿದರು. "ಮಾಲಕರ ಮಗ ಮೂಲ್ಯಾಗ ಯಾಕ ನಿಂದ್ರಬೇಕ್ರಿ? ನಟ್ಟನಡುವ ನಿಂದ್ರಿ," ಎಂದರು. ಉಡುಗೊರೆ ಸೀರೆ ಕೊಡುವವರಿಗೆ ದಾರಿ ಬಿಡಲು ನಾನು ಸ್ಟೇಜಿನಿಂದ ಇಳಿದಾಗ ಹತ್ತು ಮಾರು ವೈರು ಜೋಡಿಸಿಬಿಟ್ಟರು. ನಾನು ನೋಡಲಿಲ್ಲ.

ಹಾಡು ಶುರುವಾಯಿತು. ಹಾಡುಗಾರ ಸುಮ್ಮನಾದ. ನಿರೂಪಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನಾನು ಹೆಬ್ಬೆರಳಿನಿಂದ ಒತ್ತಿದೆ.

"ರೈತ ಬಾಂಧವರೇ," ಎಂದಿತು ನನ್ನ ಗಿಟಾರು.

ಇಡೀ ಹಂದರ ಸ್ಪೀಕರಿನ ಕಡೆ ತಿರುಗಿತು. "ಈ ವಾರದ ಮಂಜಿನಿಂದ ದ್ರಾಕ್ಷಿ ಎಲೆಯ ಕೆಳಭಾಗದಲ್ಲಿ ಬಿಳಿ ಬೂಷ್ಟು ಕಂಡುಬಂದಲ್ಲಿ..." ಹಿಂದಿನ ಸಾಲಿನಲ್ಲಿ ಗದ್ದಲ ಮಾಡುತ್ತಿದ್ದವರನ್ನು ಯಾರೋ ಗದರಿಸಿದರು. ಊಟಕ್ಕೆ ಹೊರಟವರು ವಾಪಸ್ ಬಂದು ಕೂತರು. ಒಬ್ಬ ಮದುವೆ ಕಾರ್ಡಿನ ಹಿಂದೆ ಬರೆದುಕೊಳ್ಳತೊಡಗಿದ. ಇಷ್ಟು ವರ್ಷದಲ್ಲಿ ನನ್ನ ಜಾಗವನ್ನು ಜನ ಉಸಿರು ಬಿಗಿಹಿಡಿದು ಕೇಳಿದ್ದು ಅದೇ ಮೊದಲು.

ನನಗೆ ಸಿಟ್ಟು ನೆತ್ತಿಗೇರಿತು. ಇದು ನನ್ನ ಜಾಗ, ನನ್ನ ತಂಗಿಯ ಮದುವೆ, ನನ್ನ ಅಪ್ಪ! ತಂತಿಗಳ ಮೇಲೆ ಇದ್ದಷ್ಟು ಶಕ್ತಿ ಹಾಕಿ ಬಾರಿಸಿದೆ. ರೇಡಿಯೋ ತಗ್ಗಿತು, ಗಿಟಾರ್ ಎದ್ದಿತು. ಉಸಿರಿಗೆ ಒಂದು ಕ್ಷಣ ನಿಲ್ಲಿಸಿದರೆ ರೇಡಿಯೋ ಏಳುತ್ತದೆ: "...ಒಂದು ಲೀಟರ್ ನೀರಿಗೆ..." ಮತ್ತೆ ಬಾರಿಸಿದೆ. "...ಗ್ರಾಂ ಬೆರೆಸಿ..." ಮತ್ತೆ ಬಾರಿಸಿದೆ.

ಹಂದರದಲ್ಲಿ ಬೊಬ್ಬೆ ಎದ್ದಿತು. "ಏ, ತಡೀಲೇ!" "ಎಷ್ಟ ಗ್ರಾಂ ಅಂದ್ರು?" ನಿರೂಪಕ ಪಾಪ ನನ್ನ ಕಡೆ ನೋಡಿದ, ಜನರ ಕಡೆ ನೋಡಿದ, ಕೊನೆಗೆ ಆಣೆ ಮುರಿದು ಮೈಕು ಹಿಡಿದ. "ಒಂದು ಮುಖ್ಯ ಸೂಚನಾ. ಗಿಟಾರ್ ಬಾರಸವ್ರು ಎಲ್ಲಿದ್ರೂ ತಾಬಡತೋಬ ಬಂದ್ ಮಾಡಬೇಕ್ರಿ."

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಂದ್ ಮಾಡಲಿಲ್ಲ. ಕೊನೆಯ ಸ್ವರದವರೆಗೂ ಬಾರಿಸಿ ಮುಗಿಸಿದೆ. ಅಷ್ಟರಲ್ಲಿ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಮುಗಿದು ಯಾರೋ ವಂದನೆ ಹೇಳಿದರು.

ಅಪ್ಪ ಸ್ಟೇಜಿಗೇ ಏರಿ ಬಂದ. ಮುಖ ಕೆಂಪಾಗಿತ್ತು, ತಲೆಯ ಪಟಗ ವಾರೆಯಾಗಿತ್ತು. ಮೈಕು ಇನ್ನೂ ಚಾಲೂ ಇತ್ತು, ಹೀಗಾಗಿ ನಮ್ಮಿಬ್ಬರ ಮಾತು ಅಡುಗೆಯವರಿಗೂ ಕೇಳಿಸಿತು.

"ಹುಚ್ಚ ಖೋಡಿ! ಔಷಧ ಎಷ್ಟ ಹೊಡೀಬೇಕಂತ ಸಾಹೇಬ್ರು ಹೇಳಾಕತ್ತಿದ್ರು. ನಿನ್ನ ಬಾಜಾದಾಗ ಒಂದ ಅಕ್ಷರ ತಿಳೀಲಿಲ್ಲ!"

ಗಿಟಾರ್ ಕೆಳಗಿಡದೆ ಕೇಳಿದೆ. "ಹಂಗಾರ ನನ್ನ ಬಾಜಾ ಕೇಳಿಸ್ತೇನಪಾ?"

ಅಪ್ಪ ಹಿಂತಿರುಗಿ ನೋಡಿದ. ಮೊದಲ ಸಾಲಿನಲ್ಲಿ, ಅವನು ಅಂದು ಕೊಟ್ಟ ಮಾತು ಕೇಳಿದ್ದ ಆ ಹತ್ತು ಜನ ಕೂತಿದ್ದರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸುಳ್ಳು ಹೇಳುವ ಮನುಷ್ಯನಲ್ಲ ನಮ್ಮಪ್ಪ.

"ಕೇಳಿಸ್ತಲೇ, ಕೇಳಿಸ್ತು!" ಎಂದು ಮೈಕಿನಲ್ಲೇ ಕೂಗಿದ. "ಇಪ್ಪತ್ತ ಊರಿನ ದ್ರಾಕ್ಷಿ ಹಾಳಾಗೂ ಹಂಗ ಕೇಳಿಸ್ತು!"