ಕೆಂಪಿಯನ್ನು ಏಕೆ ಮಾರಬೇಕು?

ಪಾಠ ಹೇಳುವುದು ನೀರು ಕುಡಿದಷ್ಟು ಸುಲಭ ಎಂದು ನಾನು ತಿಳಿದಿದ್ದೆ. ಕೊನೆಗೆ ಆ ನೀರೇ ನನ್ನ ಮಾನ ಕಳೆಯಿತು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಸಾಧಿಸಬೇಕು? ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿ ನಾರಾಯಣಮ್ಮನ ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಕ್ಯಾಲನೂರಿನ ಪಕ್ಕದ ನಮ್ಮೂರಿಗೆ ಬಂದು ನಲವತ್ತು ವರ್ಷವಾದರೂ ಕೋಪ ಬಂದರೆ ಅವಳ ಬಾಯಲ್ಲಿ ತೆಲುಗೇ ಬರುವುದು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ, ಬರೆಯುತ್ತಾಳೆ. ಹೋದ ವರ್ಷ ಊರಿನ ಮಹಿಳಾ ಹಾಲಿನ ಸಂಘಕ್ಕೆ ಅವಳನ್ನು ಡೈರೆಕ್ಟರ್ ಮಾಡಿದರು. ಅಂದು ಸಂಜೆಯೇ ನೋಟ್‌ಬುಕ್ ಹಿಡಿದು ನನ್ನ ಮುಂದೆ ಕೂತಳು.

“ಮೀಟಿಂಗಲ್ಲಿ ಬಾಯಿ ಬಿಟ್ರೆ ಅರ್ಧ ತೆಲುಗು ಬರುತ್ತೆ. ಎಲ್ರೂ ನಗ್ತಾರೆ. ನಾಲ್ಕು ಒಳ್ಳೆ ಕನ್ನಡ ಪದ ಕಲಿಸ್ರೀ.”

ಎಸ್‌ಎಸ್‌ಎಲ್‌ಸಿ ಪಾಸಾದ ನನ್ನ ಎದೆ ಉಬ್ಬಿತು. ಮೊದಲ ದಿನ ಇಪ್ಪತ್ತು ಪದ, ಇಪ್ಪತ್ತು ಅರ್ಥ ಬರೆಸಿದೆ. ಬೆಳಗ್ಗೆ ಕೇಳಿದರೆ ಒಂದೂ ಇಲ್ಲ!

“ಹಾಲು ಕರೆಯೋವಾಗ ಅವೂ ಇಳಿದುಹೋದ್ವು” ಎಂದಳು.

ಆಗ ನಾನು ಒಂದು ಮಹತ್ತರ ಬೋಧನಾ ಕ್ರಮವನ್ನು ಜಾರಿಗೆ ತಂದೆ. ಉರು ಹೊಡೆದ ಪದ ನಿಲ್ಲುವುದಿಲ್ಲ, ಕೆಲಸಕ್ಕೆ ಹಚ್ಚಿದ ಪದ ನಿಲ್ಲುತ್ತದೆ. ದಿನಕ್ಕೆ ಮೂರೇ ಪದ. ಅವನ್ನಿಟ್ಟುಕೊಂಡು ಒಂದನ್ನು ಇನ್ನೊಂದಕ್ಕೆ ಹೋಲಿಸಬೇಕು, ಇಲ್ಲವೇ ಕಾರಣ–ಪರಿಣಾಮ ಹೇಳಬೇಕು, ಇಲ್ಲವೇ ವಾದ ಮಾಡಬೇಕು.

ಫಲ ತಕ್ಷಣ ಸಿಕ್ಕಿತು. ‘ನಮ್ಮತ್ತೆಯ ಮುದ್ದೆಗೆ ಹೋಲಿಸಿದರೆ ನನ್ನ ಮುದ್ದೆ ನುಣುಪು. ಆದರೂ ನನ್ನ ಗಂಡ ಹೊಗಳಿದ್ದಿಲ್ಲ.’ ಮರುದಿನ: ‘ಯಜಮಾನರು ಛತ್ರಿ ಮರೆತರು. ಪರಿಣಾಮವಾಗಿ ನೆನೆದರು. ಆದರೂ ತಪ್ಪು ಮಳೆಯದಂತೆ.’ ಎಲ್ಲವೂ ಸರಿಯಾಗಿತ್ತು. ಹತ್ತಕ್ಕೆ ಹತ್ತು ಕೊಡಲೇಬೇಕಾಯಿತು.

ಇನ್ನು ನನ್ನ ಪಾಪದ ವಿಚಾರ. ನನಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಪ್ಪೆ ಟೀ. ಬೆಳಗಿನ ಹಾಲನ್ನು ಸಂಘದ ಡೈರಿಗೆ ನಾನು ಒಯ್ಯುತ್ತಿದ್ದೆ, ಸಂಜೆಯದನ್ನು ಅವಳು. ದಾರಿಯಲ್ಲಿ ಬಾಷಾ ಸಾಬರ ಟೀ ಅಂಗಡಿ. ‘ಮನೆಯಲ್ಲಿ ಮಿಕ್ಕಿದ್ದು’ ಎಂದು ನಂಬಿಸಿ ಅವರಿಗೆ ಒಂದು ಚೊಂಬು ಹಾಲು ಕೊಡುತ್ತಿದ್ದೆ. ಬದಲಿಗೆ ಎರಡು ಚಮಚ ಸಕ್ಕರೆಯ ಟೀ, ಒಂದು ಬನ್ನು! ಕ್ಯಾನಿನಲ್ಲಿ ಕಡಿಮೆಯಾದ ಚೊಂಬನ್ನು ಮುಂದಿನ ಬೀದಿಯ ನಲ್ಲಿ ತುಂಬಿಕೊಡುತ್ತಿತ್ತು. ನಾನಲ್ಲ, ನಲ್ಲಿ!

ಡೈರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಇಳಿಯಿತು. ಸೆಕ್ರೆಟರಿ ಸರೋಜ ಎಚ್ಚರಿಸಿದಳು: “ತಾತ, ಇನ್ನೊಂದ್ ವಾರ ಹಿಂಗೇ ಬಂದ್ರೆ ನಿಮ್ಮನೆ ಹಾಲು ತಗೊಳ್ಳಲ್ಲ. ಅಜ್ಜಿ ಡೈರೆಕ್ಟರ್ ಬೇರೆ!”

ಮನೆಗೆ ಬಂದು ನಿಜ ಹೇಳಬಹುದಿತ್ತು. ನಾನು ಹೇಳಿದ್ದೇ ಬೇರೆ. “ನಮ್ಮ ಕೆಂಪಿಗೆ ವಯಸ್ಸಾಯ್ತು ಕಣೇ. ಹಾಲು ನೀರಾಗಿದೆ. ಮಾರಿಬಿಡೋಣ.”

ಕೆಂಪಿ ನಮಗಿರುವ ಒಂದೇ ಹಸು. ನಮ್ಮ ಕೊಟ್ಟಿಗೆಯಲ್ಲೇ, ನಾರಾಯಣಮ್ಮನ ಕೈಯಲ್ಲೇ ಹುಟ್ಟಿದ್ದು. ಅಂದು ಅವಳು ಊಟ ಮಾಡಲಿಲ್ಲ. ನಾನು ಮಾಡಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಶುಕ್ರವಾರ ಶ್ರೀನಿವಾಸಪುರದಿಂದ ದಲ್ಲಾಳಿ ಬರುವುದೆಂದಾಯಿತು. ಅಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಲೆಂದು ಹೋಂವರ್ಕ್ ಕೊಟ್ಟೆ: ‘ಕೆಂಪಿಯನ್ನು ಏಕೆ ಮಾರಬೇಕು?’ ಹೋಲಿಕೆ, ಕಾರಣ, ವಾದ ಮೂರೂ ಇರತಕ್ಕದ್ದು. ತನ್ನ ಬರಹದಿಂದ ತಾನೇ ಒಪ್ಪಿಬಿಡುತ್ತಾಳೆ! ಇಂಥ ಬುದ್ಧಿ ಎಷ್ಟು ಜನಕ್ಕಿದ್ದೀತು?

ಮೂರು ದಿನ ಅವಳು ಹೊತ್ತುಹೊತ್ತಿನ ಡಿಗ್ರಿ ಬರೆದ ಡೈರಿಯ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಬರೆದಳು. ಶುಕ್ರವಾರ ಬೆಳಗ್ಗೆಯೇ ದಲ್ಲಾಳಿ ಬಂದ. ಕೆಂಪಿಯ ಹಲ್ಲು ನೋಡಲು ಎದ್ದವನನ್ನು ನಾರಾಯಣಮ್ಮ ತಡೆದಳು.

“ಸ್ವಲ್ಪ ಇರಪ್ಪ, ಹೋಂವರ್ಕ್ ಓದಿಬಿಡ್ತೀನಿ. ‘ಸಂಜೆಯ ಹಾಲಿಗೆ ಹೋಲಿಸಿದರೆ ಕೆಂಪಿಯ ಬೆಳಗಿನ ಹಾಲು ತೆಳು.’”

“ಎಲ್ಲಾ ಹಸೂದೂ ಹಂಗೇ ಕಣೇ!” ಎಂದೆ. ದಲ್ಲಾಳಿಯೂ ತಲೆಯಾಡಿಸಿದ.

ಅವಳು ಪುಟ ತಿರುವಿದಳು. “‘ಎಲ್ಲ ಹಸುಗಳದೂ ಹಾಗೆಯೇ ಎಂದು ಕೆಲವರು ವಾದಿಸಬಹುದು.’”

ಎದುರಾಳಿಯ ಮಾತನ್ನು ಮೊದಲೇ ಊಹಿಸಿ ಬರೆಯಬೇಕೆಂದು ಕಲಿಸಿದ್ದ ಮಹಾನುಭಾವ ನಾನೇ!

“‘ಆದರೆ ಯಜಮಾನರು ಜ್ವರ ಬಂದು ಮಲಗಿದ್ದ ವಾರ ಬೆಳಗಿನ ಹಾಲನ್ನೂ ನಾನೇ ಒಯ್ದೆ. ಆ ವಾರ ಡಿಗ್ರಿ ಸರಿಯಾಗಿತ್ತು. ಹಸು ಅದೇ, ಮೇವು ಅದೇ. ಬದಲಾದದ್ದು ಕ್ಯಾನು ಹಿಡಿದ ಕೈ ಮಾತ್ರ. ಆದ್ದರಿಂದ...’ ಇಲ್ಲಿಗೆ ನಿಂತಿದೆ. ಮುಂದೇನು ಬರೀಬೇಕೋ ತಿಳೀಲಿಲ್ಲ.”

ತಿಳಿಸಲು ಅದೇ ಗಳಿಗೆಯಲ್ಲಿ ಬಾಷಾ ಸಾಬರು ಬಂದರು. ಕೈಯಲ್ಲಿ ನಮ್ಮ ಚೊಂಬು!

“ಯಜಮಾನ್ರೇ, ನಿನ್ನೆ ಚೊಂಬು ಬಿಟ್ಟೋಗಿದ್ರಿ. ಇವತ್ತು ಬರ್ಲೇ ಇಲ್ವಲ್ಲ, ಹುಷಾರಿಲ್ವೇನೋ ಅಂತ ಬಂದೆ. ನಿಮ್ಮ ಬನ್ನು ಎತ್ತಿಟ್ಟಿದೀನಿ. ಹಾಲು ಇದ್ರೆ ಕೊಡಿ.”

“ಯಾವ ಹಾಲು ಭಾಯ್?” ನಾರಾಯಣಮ್ಮ ಕೇಳಿದಳು.

“ಅದೇ ಅಮ್ಮ, ದಿನಾ ನಿಮ್ಮನೇಲಿ ಮಿಕ್ಕೋದು...” ಎಂದವರು ನನ್ನ ಮುಖ ನೋಡಿದರು. “ಯಾ ಅಲ್ಲಾ!” ಎಂದು ಚೊಂಬನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಪಾಪ, ತಡವಾಗಿತ್ತು.

ನಾರಾಯಣಮ್ಮ ದಲ್ಲಾಳಿಯ ಜೇಬಿನ ಪೆನ್ನು ಕೇಳಿ ಪಡೆದು ಕೊನೆಯ ಸಾಲು ಬರೆದಳು. “‘ಆದ್ದರಿಂದ, ಮಾರಬೇಕಾದದ್ದು ಕೆಂಪಿಯನ್ನಲ್ಲ.’ ಏಮಯ್ಯಾ ಮೇಷ್ಟ್ರೇ, ತಪ್ಪೇನಾದ್ರೂ ಇದ್ಯಾ?”

ಒಂದೂ ಇರಲಿಲ್ಲ. ದಲ್ಲಾಳಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇದಕ್ಕೆ ಗಿರಾಕಿ ಸಿಗಲ್ಲಮ್ಮ” ಎಂದು ಹೊರಟುಹೋದ.

ಅವಳು ಕೂಗಾಡುತ್ತಾಳೆಂದು ಕಾದೆ. ತೆಲುಗಿನ ಬೈಗುಳವೂ ಬರಲಿಲ್ಲ. “ನಂಗೆ ಬೇಜಾರು ಟೀ ಕುಡಿದಿದ್ದಕ್ಕಲ್ಲ. ಕೇಳಿದ್ರೆ ನಾನೇ ಅರ್ಧ ಚಮಚ ಹಾಕ್ತಿದ್ದೆ. ತಪ್ಪನ್ನ ಬಾಯಿಲ್ಲದ್ದರ ಮೇಲೆ ಹಾಕಿದ್ರಲ್ಲ” ಎಂದು ಕೆಂಪಿಯ ಕುತ್ತಿಗೆ ಸವರಿದಳು.

ಸಂಘಕ್ಕೆ ಕ್ಷಮಾಪಣೆ ಪತ್ರ ಬರೆಯುವುದು ನನ್ನ ಹೋಂವರ್ಕ್ ಆಯಿತು. ‘ಸಕ್ಕರೆ ಕಾಯಿಲೆಯ ಕಾರಣದಿಂದ’ ಎಂದು ಆರಂಭಿಸಿದೆ.

“ಕಾಯಿಲೆ ಬಂದು ನಲ್ಲಿ ತಿರುಗಿಸ್ತಾ?” ಎಂದು ಹೊಡೆದುಹಾಕಿದಳು.

ನಾಲ್ಕನೇ ಸಲಕ್ಕೆ ಹೀಗೆ ಬರೆದೆ: ‘ನನ್ನ ಬಾಯಿಚಪಲದ ಕಾರಣ ನಾನು ಹಾಲಿಗೆ ನೀರು ಬೆರೆಸಿದೆ. ಪರಿಣಾಮವಾಗಿ ತಪ್ಪಿಲ್ಲದ ಹಸು ಅಪವಾದ ಹೊತ್ತಿತು.’ ನಾರಾಯಣಮ್ಮ ‘ಸರಿ’ ಎಂದು ಗುರುತು ಹಾಕಿದಳು. ಸಂಘದ ಮೀಟಿಂಗಿನಲ್ಲಿ ತಾನೇ ಎದ್ದು ನಿಂತು, ಅಪ್ಪಟ ಕನ್ನಡದಲ್ಲಿ, ಅದನ್ನು ಓದಿದಳು. ಯಾರೂ ಅವಳನ್ನು ನೋಡಿ ನಗಲಿಲ್ಲ. ನಕ್ಕಿದ್ದೆಲ್ಲ ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ.

ಈಗ ಎರಡು ಹೊತ್ತೂ ಕ್ಯಾನು ಅವಳದು, ಸಗಣಿ ಬಾಚುವುದು ನನ್ನದು. ಸಂಘದವರು ಕ್ಷಮಿಸಿದರು, ಹೆಂಡತಿಯೂ ಬಹುಮಟ್ಟಿಗೆ ಕ್ಷಮಿಸಿದಳು. ಕೆಂಪಿ ಮಾತ್ರ ಇನ್ನೂ ತೀರ್ಪು ಕೊಟ್ಟಿಲ್ಲ. ಬುಟ್ಟಿ ಹಿಡಿದು ಹಿಂದೆ ಬಗ್ಗಿದರೆ ಸಾಕು, ಬಾಲದಿಂದ ಕೆನ್ನೆಗೆ ಒಂದು ಬಾರಿಸುತ್ತಾಳೆ. ಕಾರಣ ಕೇಳುವ ಧೈರ್ಯ ನನಗಿಲ್ಲ!