ಜೇಬಿನಲ್ಲೇ ಉಳಿದ ಊರ ಕರೆಂಟು

ಮಕ್ತಲ್ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಬ್ರೇಕರು, ಸ್ವಿಚ್ಚುಗಳನ್ನು ರಿಪೇರಿ ಮಾಡುವ ಮಹಾನುಭಾವ ನಾನು. ಮಾವನ ಊರಿಗೆ ಕರೆಂಟ್ ಹೋಗುವುದೂ ಅಲ್ಲಿಂದಲೇ. ಅಲ್ಲಿ ದೀಪ ಹತ್ತಿದರೆ ಅಳಿಯನ ಕೃಪೆ, ಆರಿದರೆ ಗಾಳಿಯ ತಪ್ಪು ಎಂದು ನಾನೇ ಪ್ರಚಾರ ಮಾಡಿದ್ದೆ!

ಅಂದು ಹೆಂಡತಿಯ ತಂಗಿ ಮಲ್ಲಮ್ಮನನ್ನು ನೋಡಲು ಗದ್ವಾಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೊಂದು ಸಂಬಂಧ ತಪ್ಪಿಹೋಗಿ ಮಾವ ನೊಂದಿದ್ದರು. ಅದರ ಮೇಲೆ ಅವರೂರಿನ ಲೈನು ವಾರದಿಂದ ಸುಮ್ಮಸುಮ್ಮನೆ ಹೋಗಿಬಿಡುತ್ತಿತ್ತು.

“ಚಿಂತಿ ಬಿಡ್ರಿ ಮಾವ, ಮುಂಜಾನೆ ಬ್ರೇಕರ್ ರಿಪೇರಿ ಮಾಡೇ ಬರ್ತೀನಿ. ಬಂದ ಮಂದಿ ಫ್ಯಾನಿನ ಕೆಳಗ ಕುಂತು ಒಪ್ಪಿಗಿ ಕೊಡಬೇಕು!” ಎಂದು ಹಿಂದಿನ ದಿನವೇ ಮಾತು ಕೊಟ್ಟಿದ್ದೆ.

ಬೆಳಿಗ್ಗೆ ಲೈನ್ ಬಂದ್ ಮಾಡಿಸಿ, ಸ್ವಿಚ್ಚಿಗೆ ಬೀಗ ಜಡಿದು, ಚಾವಿ ಜೇಬಿಗೆ ಹಾಕಿಕೊಂಡೆ. ಆಪರೇಟರ್ ಖಾಜಾನಿಗೆ ಒಂದು ಪ್ರವಚನವನ್ನೂ ಕೊಟ್ಟೆ. “ಖಾಜಾ, ಕೀಲಿ ಹಾಕಿದಾವನ ಬಂದು ತೆಗೀಬೇಕು. ಬ್ರಹ್ಮ ಬಂದು ಕೇಳಿದ್ರೂ ಮುಟ್ಟಬ್ಯಾಡ!” ಬೇರೆಯವರು ಮುಟ್ಟಿದರೆ ಕೆಲಸದಲ್ಲಿರುವವನು ನೇರ ಮೇಲಕ್ಕೇ ಹೋಗುತ್ತಾನೆ. ಆದ್ದರಿಂದ ಈ ಕಟ್ಟಳೆ ನಮಗೆ ವೇದವಾಕ್ಯ.

ಕೆಲಸ ಮುಗಿಯುವ ಹೊತ್ತಿಗೆ ಹೆಂಡತಿಯ ಫೋನು. “ಏನ್ರೀ, ಗಂಡಿನವರು ಬಂದೇಬಿಟ್ರು! ಅಲ್ಲೇ ಸಂಸಾರ ಹೂಡೀರೇನು?” ಬೈಗುಳ ಮುಗಿಯುವ ಮೊದಲೇ ಬ್ಯಾಟರಿ ಮುಗಿಯಿತು. ಖಾಜಾ ಚಹಾಕ್ಕೆ ಹೋಗಿದ್ದ. ನಾನು ಕೈಯನ್ನೂ ತೊಳೆಯದೆ ಬೈಕ್ ಹತ್ತಿದೆ.

ಮಾವನ ಮನೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಮೋಟರ್ ಓಡದೆ ಟ್ಯಾಂಕು ಬರಿದಾಗಿ, ಬಂದವರ ಕಾಲಿಗೆ ನೀರು ಕೊಡಲು ಮಾವ ಪಕ್ಕದ ಮನೆಯಿಂದ ಕೊಡ ತರಿಸಿದ್ದರು. ಚಟ್ನಿ ಮಿಕ್ಸಿಯಲ್ಲೇ ಅರ್ಧಕ್ಕೆ ನಿಂತಿತ್ತು. ನಾನು ಫೋನನ್ನು ಚಾರ್ಜಿಗೆ ಹಾಕಿದೆ. ಕರೆಂಟಿಲ್ಲದ ಪ್ಲಗ್ಗಿಗೆ!

“ಅಳಿಯಂದ್ರ, ಬೀರಪ್ಪನ ಆಣಿ, ಮಾನ ಉಳಸ್ರಿ,” ಎಂದು ಮಾವ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟ ಸಿಟ್ಟಾಯಿತು. ಗಂಡಿನ ದೊಡ್ಡಪ್ಪನ ಫೋನ್ ಇಸಿದುಕೊಂಡು, ನನ್ನ ಅಧಿಕಾರ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಸಬ್‌ಸ್ಟೇಷನ್ನಿಗೆ ಹಚ್ಚಿದೆ.

“ಖಾಜಾ! ಯಾವ ಗೊಡ್ಡು ಗಿರಾಕಿಲೇ ಅವ, ಇನ್ನೂ ಲೈನ್ ಬಂದ್ ಇಟ್ಟಾವ?”

“ನೀವ ರೀ ಸಾಹೇಬ್ರ!” ಖಾಜಾನ ದನಿ ಅಂಗಳದವರೆಗೂ ಕೇಳಿಸಿತು. “ಚಾವಿ ನಿಮ್ಮ ಜೇಬಿನಾಗ ಐತಿ. ಫೋನ್ ಮಾಡಿ ಮಾಡಿ ಸಾಕಾತು. ಬ್ರಹ್ಮ ಬಂದ್ರೂ ಮುಟ್ಟಬ್ಯಾಡ ಅಂದೀರಲ್ರೀ!”

ಜೇಬಿಗೆ ಕೈ ಹಾಕಿದೆ. ಇತ್ತು! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ಯಾರೆಂದು ಗದ್ವಾಲಿನವರಿಗೂ ತಿಳಿಯಿತು. ಹೆಂಡತಿ ಬಾಗಿಲ ಹಿಂದಿನಿಂದ ಕಣ್ಣಲ್ಲೇ ನನ್ನನ್ನು ನುಂಗಿದಳು. ಬಿಸಿಲಿನಲ್ಲಿ ಮತ್ತೆ ಬೈಕ್ ಓಡಿಸಿದೆ. ಬೀಗ ತೆಗೆದೆ. ಊರಿಗೆ ಕರೆಂಟ್ ಬಂತು, ನನಗೆ ಬೆವರು ಬಂತು.

ಸಂಬಂಧ ಮುರಿಯಿತೆಂದುಕೊಂಡೇ ಹೆದರುತ್ತ ವಾಪಸು ಬಂದೆ. ನೋಡಿದರೆ, ಎಲ್ಲರ ಬಾಯಲ್ಲೂ ಒಪ್ಪಿಗೆಯ ಸಕ್ಕರೆ!

“ಹೆಂಗ್ ಒಪ್ಪಿದ್ರಿ?” ಎಂದೆ ಬೆರಗಾಗಿ.

ಗಂಡಿನ ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. “ನಮ್ಮ ಹುಡುಗನೂ ಸ್ವಲ್ಪ ಮಂದ ಅದಾನ್ರೀ. ಅದೇ ಅಂಜಿಕಿ ಇತ್ತು. ನಿಮ್ಮನ್ನ ಇಷ್ಟು ವರ್ಷ ಸಾಕ್ಯಾರಂದ್ರ, ಈ ಮನಿಯವ್ರು ಅವನ್ನೂ ಸಾಕ್ತಾರಂತ ಧೈರ್ಯ ಬಂತು!”